ಡಾರ್ಕ್‌ರೂಮಿನಲ್ಲಿ ಅನ್‌ಡೂ ಇಲ್ಲ: ಬ್ಲ್ಯಾಕ್ ಅಂಡ್ ವೈಟ್ ಫಿಲ್ಮ್ ತೊಳೆಯೋದು, ಪ್ರಿಂಟ್ ಹಾಕೋದು

ನಮ್ಮ ತಾತ ಟೈಲರ್. ಹೋದ ವರ್ಷ ಅವರು ಅಂಗಡಿ ಮುಚ್ಚಿದರು. ಮುಚ್ಚುವ ಹಿಂದಿನ ದಿನ ನಾನು ಮನೆಯಲ್ಲಿದ್ದ ಹಳೇ ಫಿಲ್ಮ್ ಕ್ಯಾಮೆರಾ ತಗೊಂಡು ಹೋಗಿ 36 ಫೋಟೋ ತೆಗೆದೆ. ಮಷಿನ್, ಕತ್ತರಿ, ಗೋಡೆಗೆ ನೇತು ಹಾಕಿದ್ದ ಪೇಪರ್ ಕಟಿಂಗ್‌ಗಳು, ತಾತ. ಮಾರನೇ ದಿನ ಸಾಮಾನೆಲ್ಲ ಖಾಲಿ ಆಯ್ತು. ಆ ರೋಲನ್ನು ನಾನೇ ತೊಳೀತೀನಿ ಅಂತ ಹೊರಟೆ. ಒಂದೇ ಒಂದು ಸೆಕೆಂಡಿನ ತಪ್ಪಿಗೆ 36ರಲ್ಲಿ 27 ಫೋಟೋ ಹೋದವು. ಉಳಿದದ್ದು 9.

ಈ ಲೇಖನ ಬರೀತಿರೋದು ನೀವು ಆ ತಪ್ಪು ಮಾಡಬಾರದು ಅಂತ. ಫೋನಲ್ಲಿ ಫೋಟೋ ಕೆಟ್ಟರೆ ಇನ್ನೊಂದು ತೆಗೀತೀವಿ. ಎಡಿಟ್ ಕೆಟ್ಟರೆ ಅನ್‌ಡೂ ಒತ್ತುತ್ತೀವಿ. ಡಾರ್ಕ್‌ರೂಮಿನಲ್ಲಿ ಆ ಬಟನ್ ಇಲ್ಲ. ಹಾಗಾಗಿ ಅಲ್ಲಿ ಕಲಿಯಬೇಕಾದ ಮೊದಲ ವಿಷಯ ಕೆಮಿಸ್ಟ್ರಿ ಅಲ್ಲ. ನಿಜವಾದ ಕೆಲಸಕ್ಕೆ ಕೈ ಹಾಕೋ ಮುಂಚೆ ಬೇಡದ ತುಂಡಿನ ಮೇಲೆ ಮಾಡಿ ನೋಡೋದು.

ಒಳಗೆ ಏನಾಗುತ್ತೆ?

ಫಿಲ್ಮ್ ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಜೆಲಟಿನ್ ಲೇಪನ. ಅದರೊಳಗೆ ಸಿಲ್ವರ್ ಬ್ರೋಮೈಡ್‌ನಂಥ ಬೆಳ್ಳಿಯ ಉಪ್ಪಿನ ಸಣ್ಣ ಸಣ್ಣ ಹರಳುಗಳು. ಬೆಳಕು ಬಿದ್ದ ಹರಳಿನಲ್ಲಿ ಕೆಲವೇ ಕೆಲವು ಪರಮಾಣುಗಳಷ್ಟು ಬೆಳ್ಳಿ ಹುಟ್ಟುತ್ತೆ. ಅದು ಕಣ್ಣಿಗೆ ಕಾಣಲ್ಲ. ಡೆವಲಪರ್ ಅನ್ನೋ ದ್ರಾವಣ ಆ ಕೆಲವು ಪರಮಾಣುಗಳನ್ನು ಗುರುತು ಮಾಡ್ಕೊಂಡು ಇಡೀ ಹರಳನ್ನೇ ಕಪ್ಪು ಬೆಳ್ಳಿಯಾಗಿ ಬದಲಾಯಿಸುತ್ತೆ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಅದೊಂದು ಆಂಪ್ಲಿಫೈಯರ್. ಬೆಳಕು ಜಾಸ್ತಿ ಬಿದ್ದ ಕಡೆ ಜಾಸ್ತಿ ಕಪ್ಪು. ಅದಕ್ಕೇ ಬರೋದು ನೆಗೆಟಿವ್.

ಬೆಳಕು ಬೀಳದ ಹರಳುಗಳು ಇನ್ನೂ ಹಾಗೇ ಇರ್ತವೆ. ಅವನ್ನು ತೆಗೀದಿದ್ರೆ ಹೊರಗೆ ತಂದಮೇಲೆ ಫಿಲ್ಮ್ ಪೂರ್ತಿ ಕಪ್ಪಾಗುತ್ತಾ ಹೋಗುತ್ತೆ. ಅವನ್ನು ಕರಗಿಸೋದು ಫಿಕ್ಸರ್. ಥಯೋಸಲ್ಫೇಟ್ ಬೆಳ್ಳಿಯ ಉಪ್ಪನ್ನು ಕರಗಿಸುತ್ತೆ ಅಂತ ಜಾನ್ ಹರ್ಷೆಲ್ 1819ರಲ್ಲೇ ಕಂಡುಹಿಡಿದಿದ್ದರು. ಆಗ ಫೋಟೋಗ್ರಫಿ ಅನ್ನೋದು ಬಳಕೆಗೇ ಬಂದಿರಲಿಲ್ಲ. 1839ರಲ್ಲಿ ಫೋಟೋಗ್ರಫಿಯ ಸುದ್ದಿ ಬಂದಾಗ ಅದೇ ಉಪ್ಪು ಕೆಲಸಕ್ಕೆ ಬಂತು. ಹಳೇ ಸ್ಟುಡಿಯೋದವರು ಇವತ್ತಿಗೂ ಅದನ್ನು ‘ಹೈಪೋ’ ಅಂತಾರೆ.

ಡೆವಲಪರ್ ಕೂಡ ಅಂಥ ರಹಸ್ಯ ಏನಲ್ಲ. ಕೊಡಾಕ್ ಕಂಪನಿಯ ಡಿ-76 ಸುಮಾರು ನೂರು ವರ್ಷದಿಂದ ಬಳಕೆಯಲ್ಲಿದೆ. ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ಅಷ್ಟೇ. ಇಲ್‌ಫೋರ್ಡ್ ಕಂಪನಿಯ ಐಡಿ-11 ಕೂಡ ಹೆಚ್ಚುಕಮ್ಮಿ ಇದೇ. ನಾನು ಬಳಸಿದ್ದು ಐಡಿ-11. ಶುರುವಲ್ಲಿ ರೆಡಿ ಪ್ಯಾಕೆಟ್ ತಗೊಳ್ಳೋದೇ ಒಳ್ಳೇದು.

ಕೆಂಪು ಬಲ್ಬಿನ ಸುಳ್ಳು

ಸಿನಿಮಾದಲ್ಲಿ ಡಾರ್ಕ್‌ರೂಮ್ ಅಂದ ತಕ್ಷಣ ಕೆಂಪು ಬಲ್ಬ್ ತೋರಿಸ್ತಾರೆ. ಅದು ಪ್ರಿಂಟ್ ಹಾಕುವಾಗ ಮಾತ್ರ ಸರಿ. ಪ್ರಿಂಟಿಂಗ್ ಪೇಪರಿಗೆ ನೀಲಿ, ಹಸಿರು ಬೆಳಕು ತಾಗುತ್ತೆ, ಕೆಂಪು ತಾಗಲ್ಲ. ಆದರೆ ಈಗಿನ ಸಾಮಾನ್ಯ ಫಿಲ್ಮ್ ಎಲ್ಲಾ ಬಣ್ಣದ ಬೆಳಕನ್ನೂ ನೋಡುತ್ತೆ. ಫಿಲ್ಮನ್ನು ಡಬ್ಬಿಯಿಂದ ತೆಗೆದು ಟ್ಯಾಂಕಿಗೆ ಹಾಕೋವರೆಗೆ ಪೂರ್ತಿ ಕತ್ತಲೆ ಬೇಕು. ಕೆಂಪು ಬಲ್ಬೂ ಇಲ್ಲ, ಫೋನೂ ಇಲ್ಲ, ರೇಡಿಯಂ ಮುಳ್ಳಿರೋ ವಾಚೂ ಇಲ್ಲ.

ರೂಮ್ ಕತ್ತಲೆ ಇದೆಯಾ ಅಂತ ನೋಡೋಕೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡು 5 ನಿಮಿಷ ಸುಮ್ಮನೆ ಕೂತ್ಕೊಳ್ಳಿ. ಮೊದಲ ನಿಮಿಷ ಏನೂ ಕಾಣಲ್ಲ. ಆಮೇಲೆ ಬಾಗಿಲ ಕೆಳಗಿನ ಗೆರೆ, ಗೀಸರಿನ ಚುಕ್ಕೆ ಬೆಳಕು ಎಲ್ಲಾ ಕಾಣೋಕೆ ಶುರುವಾಗುತ್ತೆ. ಒಂದೊಂದನ್ನೂ ಮುಚ್ಚಿ. ಇದು ಕಷ್ಟ ಅನ್ನಿಸಿದರೆ ಚೇಂಜಿಂಗ್ ಬ್ಯಾಗ್ ಅಂತ ಸಿಗುತ್ತೆ. ತೋಳಿರೋ ಕಪ್ಪು ಚೀಲ. ಅದರೊಳಗೆ ಕೈ ತೂರಿಸಿ ಹಗಲಲ್ಲೇ ಲೋಡ್ ಮಾಡಬಹುದು.

ನನ್ನ ಒಂದು ಸೆಕೆಂಡ್

ಟ್ಯಾಂಕ್ ಒಳಗೆ ಸುರುಳಿ ಗಾಡಿ ಇರೋ ಒಂದು ಪ್ಲಾಸ್ಟಿಕ್ ಚಕ್ರ ಇರುತ್ತೆ. ಇಂಗ್ಲಿಷಿನಲ್ಲಿ ಅದಕ್ಕೂ ರೀಲ್ ಅಂತಾರೆ. ನಮ್ಮ ಕಡೆ ಫಿಲ್ಮ್ ರೋಲಿಗೇ ರೀಲು ಅನ್ನೋದರಿಂದ ಇಲ್ಲಿ ಚಕ್ರ ಅಂತಲೇ ಕರೀತೀನಿ. ಫಿಲ್ಮಿನ ತುದಿಯನ್ನು ಆ ಗಾಡಿಗೆ ಸಿಕ್ಕಿಸಿ ಎರಡೂ ಬದಿಯನ್ನು ಹಿಂದೆ ಮುಂದೆ ತಿರುಗಿಸ್ತಾ ಹೋದರೆ ಫಿಲ್ಮ್ ತಾನಾಗೇ ಸುತ್ತಿಕೊಳ್ಳುತ್ತೆ. ವಿಡಿಯೋದಲ್ಲಿ ನೋಡಿದಾಗ ಇಷ್ಟೇನಾ ಅನ್ನಿಸಿತ್ತು.

ನಾನು ಅವತ್ತು ಟ್ಯಾಂಕ್ ತೊಳೆದು ಒರೆಸಿದ್ದೆ, ಆದರೆ ಚಕ್ರದ ಗಾಡಿಯಲ್ಲಿ ಸ್ವಲ್ಪ ತೇವ ಉಳಿದಿತ್ತು. ಒದ್ದೆ ಪ್ಲಾಸ್ಟಿಕ್ಕಿಗೆ ಜೆಲಟಿನ್ ಅಂಟಿಕೊಳ್ಳುತ್ತೆ. ಅರ್ಧದಲ್ಲಿ ಫಿಲ್ಮ್ ಸಿಕ್ಕಿಹಾಕಿಕೊಂಡಿತು. ಮುಂದಕ್ಕೂ ಹೋಗಲ್ಲ, ಹಿಂದಕ್ಕೂ ಬರಲ್ಲ. ಬಾತ್‌ರೂಮಿನ ಸೆಕೆಗೆ ಕೈಯೆಲ್ಲ ಬೆವರು. 20 ನಿಮಿಷ ಒದ್ದಾಡಿದೆ. ಆಮೇಲೆ ‘ಎಲ್ಲಿ ಸಿಕ್ಕಿಕೊಂಡಿದೆ ಅಂತ ಒಂದೇ ಸಲ ನೋಡಿಬಿಡೋಣ’ ಅಂತ ಫೋನ್ ಟಾರ್ಚ್ ಹಾಕಿ ಆರಿಸಿದೆ. ಅಷ್ಟೇ. ಚಕ್ರಕ್ಕೆ ಸುತ್ತಿದ್ದ ಭಾಗ, ಹೊರಗೆ ಬಿಚ್ಚಿಕೊಂಡಿದ್ದ ಭಾಗ ಎರಡೂ ಹೋಯ್ತು. ಸುರುಳಿಯ ಒಳಗೆ ಬಿಗಿಯಾಗಿದ್ದ ಕೊನೆಯ 9 ಫ್ರೇಮ್ ಮಾತ್ರ ಬಚಾವಾದವು.

ಹಾಗಾಗಿ ಈ ಮೂರು ವಿಷಯ ನೆನಪಿಟ್ಟುಕೊಳ್ಳಿ:

1. ಯಾವುದಾದ್ರೂ ಹಾಳು ರೋಲ್ ತಗೊಂಡು ಮೊದಲು ಬೆಳಕಿನಲ್ಲಿ, ಆಮೇಲೆ ಕಣ್ಣು ಮುಚ್ಚಿ, ಆಮೇಲೆ ಕತ್ತಲಲ್ಲಿ ಚಕ್ರಕ್ಕೆ ಸುತ್ತೋದನ್ನು ಅಭ್ಯಾಸ ಮಾಡಿ. ಸತತ 5 ಸಲ ಸರಿಯಾಗಿ ಬಂದಮೇಲೆ ನಿಮ್ಮ ರೋಲ್ ಮುಟ್ಟಿ.

2. ಚಕ್ರ ಪೂರ್ತಿ ಒಣಗಿರಬೇಕು. ಹೇರ್ ಡ್ರೈಯರ್ ಹಿಡಿದರೂ ಆಯ್ತು, ಹಿಂದಿನ ದಿನವೇ ತೊಳೆದಿಟ್ಟರೂ ಆಯ್ತು.

3. ಫಿಲ್ಮ್ ಸಿಕ್ಕಿಹಾಕಿಕೊಂಡರೆ ಗಾಬರಿ ಬೇಡ. ಫಿಲ್ಮ್, ಚಕ್ರ, ನಡುವಿನ ಕೊಳವೆ ಎಲ್ಲವನ್ನೂ ಹಾಗೇ ಟ್ಯಾಂಕಿಗೆ ಹಾಕಿ ಮುಚ್ಚಳ ಬಿಗಿ ಮಾಡಿ. ಆಮೇಲೆ ಲೈಟ್ ಹಾಕಿ, ಕೈ ತೊಳೆದು, ನೀರು ಕುಡಿದು ಬನ್ನಿ. ಮುಚ್ಚಿದ ಟ್ಯಾಂಕಿನಲ್ಲಿ ಫಿಲ್ಮಿಗೆ ಏನೂ ಆಗಲ್ಲ. ಇದು ನನಗೆ ಅವತ್ತು ಗೊತ್ತಿದ್ದಿದ್ರೆ ಈ ಲೇಖನ ಬೇರೆ ಥರ ಇರ್ತಿತ್ತು.

ಫಿಲ್ಮ್ ತೊಳೆಯೋ ಕ್ರಮ

ಟ್ಯಾಂಕ್ ಮುಚ್ಚಿದ ಮೇಲೆ ಎಲ್ಲಾ ಕೆಲಸ ಬೆಳಕಿನಲ್ಲೇ. ನನ್ನ ಫಿಲ್ಮ್ ಇಲ್‌ಫೋರ್ಡ್ ಎಚ್‌ಪಿ5 ಪ್ಲಸ್, ಐಎಸ್‌ಒ 400. ಬೇರೆ ಫಿಲ್ಮ್, ಬೇರೆ ಡೆವಲಪರ್ ಆದರೆ ಸಮಯ ಬೇರೆ. ಅದನ್ನು ಕಂಪನಿಯ ಪಟ್ಟಿ ನೋಡಿಯೇ ತಗೊಳ್ಳಿ.

ಡೆವಲಪರ್: ಐಡಿ-11 ದ್ರಾವಣ 150 ಎಂಎಲ್, ನೀರು 150 ಎಂಎಲ್. ಒಂದು 35 ಎಂಎಂ ರೋಲಿಗೆ 300 ಎಂಎಲ್ ಸಾಕು. 20 ಡಿಗ್ರಿಯಲ್ಲಿ 13 ನಿಮಿಷ. ಮೊದಲ 10 ಸೆಕೆಂಡಿನಲ್ಲಿ ಟ್ಯಾಂಕನ್ನು 4 ಸಲ ತಲೆಕೆಳಗು ಮಾಡಿ. ಆಮೇಲೆ ಪ್ರತಿ ನಿಮಿಷದ ಶುರುವಲ್ಲಿ ಇದೇ ಥರ 4 ಸಲ. ಪ್ರತಿ ಸಲವೂ ಟ್ಯಾಂಕನ್ನು ಮೆಲ್ಲಗೆ ಕುಟ್ಟಿ. ಇಲ್ಲದಿದ್ರೆ ಗಾಳಿ ಗುಳ್ಳೆ ಕೂತ ಕಡೆ ಚುಕ್ಕೆ ಉಳಿಯುತ್ತೆ. ಹೀಗೆ ಅರ್ಧಕ್ಕರ್ಧ ನೀರು ಬೆರೆಸಿದ ಡೆವಲಪರನ್ನು ಒಂದೇ ಸಲ ಬಳಸಬೇಕು.

ಸ್ಟಾಪ್: ಡೆವಲಪರ್ ಚೆಲ್ಲಿ ಅದೇ ತಾಪಮಾನದ ನೀರು ಹಾಕಿ ಚೆನ್ನಾಗಿ ಅಲ್ಲಾಡಿಸಿ, ಎರಡು ಮೂರು ಸಲ ಬದಲಾಯಿಸಿ. ಸ್ಟಾಪ್ ಬಾತ್ ಅಂತ ದುರ್ಬಲ ಆಮ್ಲದ ದ್ರಾವಣವೂ ಸಿಗುತ್ತೆ. ಅದನ್ನು ಬಳಸಿದರೆ ಡೆವಲಪರ್ ಕೆಲಸ ತಕ್ಷಣ ನಿಲ್ಲುತ್ತೆ.

ಫಿಕ್ಸರ್: ರಾಪಿಡ್ ಫಿಕ್ಸರ್ 60 ಎಂಎಲ್‌ಗೆ 240 ಎಂಎಲ್ ನೀರು. 2ರಿಂದ 5 ನಿಮಿಷ. ಫಿಕ್ಸರಿಗೆ ಇನ್ನೂ ಶಕ್ತಿ ಇದೆಯಾ ಅಂತ ಮೊದಲೇ ನೋಡಬಹುದು. ಲೋಡ್ ಮಾಡುವಾಗ ಕತ್ತರಿಸಿದ ಫಿಲ್ಮಿನ ನಾಲಿಗೆ ಇರುತ್ತಲ್ಲ, ಅದನ್ನು ಫಿಕ್ಸರಿಗೆ ಹಾಕಿ. ಎಷ್ಟು ಹೊತ್ತಿಗೆ ಪಾರದರ್ಶಕ ಆಗುತ್ತೋ ಅದರ ಎರಡು ಪಟ್ಟು ಸಮಯ ಕೊಡಿ.

ತೊಳೆಯೋದು: ನಲ್ಲಿ ಕೆಳಗೆ ಅರ್ಧ ಗಂಟೆ ನೀರು ಬಿಡೋದು ಬೇಕಿಲ್ಲ. ಇಲ್‌ಫೋರ್ಡ್ ಹೇಳೋ ಒಂದು ವಿಧಾನ ಇದೆ. ಟ್ಯಾಂಕಿಗೆ ನೀರು ತುಂಬಿ 5 ಸಲ ತಲೆಕೆಳಗು ಮಾಡಿ ಚೆಲ್ಲಿ. ಹೊಸ ನೀರು, 10 ಸಲ. ಮತ್ತೆ ಹೊಸ ನೀರು, 20 ಸಲ. ಮುಗೀತು. ಟ್ಯಾಂಕರ್ ನೀರಿಗೆ ಕಾಯೋ ಮನೆಗಳಲ್ಲಿ ಇದೇ ಒಳ್ಳೇ ದಾರಿ.

ಈ ಕ್ರಮ ತಪ್ಪಬಾರದು. ಡೆವಲಪರ್ ಬದಲು ಫಿಕ್ಸರ್ ಮೊದಲು ಹಾಕಿದರೆ ಎಲ್ಲಾ ಹರಳೂ ಕರಗಿ ಖಾಲಿ ಪಟ್ಟಿ ಕೈಗೆ ಬರುತ್ತೆ. ಬಾಟಲಿಗಳ ಮೇಲೆ ದೊಡ್ಡದಾಗಿ 1, 2, 3 ಅಂತ ಬರೆದಿಡಿ.

ಇನ್ನೊಂದು ವಿಷಯ ತಾಪಮಾನ. ಪುಸ್ತಕಗಳಲ್ಲಿ 20 ಡಿಗ್ರಿ ಅಂತ ಬರೀತಾರೆ. ನಮ್ಮ ಬಾತ್‌ರೂಮ್ ನಲ್ಲಿಯಲ್ಲಿ ಬಂದಿದ್ದು 27 ಡಿಗ್ರಿ. ಬಿಸಿ ಜಾಸ್ತಿ ಆದರೆ ರಿಯಾಕ್ಷನ್ ವೇಗ ಜಾಸ್ತಿ ಅನ್ನೋದು ಪಿಯುಸಿಯಲ್ಲೇ ಓದಿದ್ದೀವಿ. ಇಲ್‌ಫೋರ್ಡ್ ಕೊಡೋ ಉದಾಹರಣೆ ಪ್ರಕಾರ 20 ಡಿಗ್ರಿಯಲ್ಲಿ 4 ನಿಮಿಷ ಬೇಕಾದ ಕೆಲಸಕ್ಕೆ 23 ಡಿಗ್ರಿಯಲ್ಲಿ 3 ನಿಮಿಷವೇ ಸಾಕು. ಅಂದರೆ ಮೂರು ಡಿಗ್ರಿಗೆ ಕಾಲು ಭಾಗ ವ್ಯತ್ಯಾಸ! ಐಸ್ ತುಂಡುಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ದ್ರಾವಣದಲ್ಲಿ ಮುಳುಗಿಸಿ ತಣ್ಣಗೆ ಮಾಡಿ. ನೇರವಾಗಿ ಐಸ್ ಹಾಕಿದರೆ ಅಳತೆ ಕೆಡುತ್ತೆ. ಒಂದು ಒಳ್ಳೇ ಥರ್ಮಾಮೀಟರ್ ತಗೊಳ್ಳಿ.

ಕೊನೆಗೆ ಫಿಲ್ಮನ್ನು ಧೂಳಿಲ್ಲದ ಕಡೆ ಕ್ಲಿಪ್ ಹಾಕಿ ನೇತು ಹಾಕಿ. ಫ್ಯಾನ್ ಹಾಕಬೇಡಿ. ಒಣಗಿದ ಮೇಲೆ ಲ್ಯಾಪ್‌ಟಾಪಿನ ಬಿಳಿ ಸ್ಕ್ರೀನ್ ಮುಂದೆ ಹಿಡಿದು ಫೋನಲ್ಲಿ ತೆಗೆದು ಬಣ್ಣ ಉಲ್ಟಾ ಮಾಡಿದರೆ ನಿಮ್ಮ ಫೋಟೋ ರೆಡಿ. ಎಷ್ಟೋ ಜನ ಇಲ್ಲಿಗೇ ನಿಲ್ಲಿಸ್ತಾರೆ. ಅದೂ ತಪ್ಪಲ್ಲ. ಆದರೆ ಪ್ರಿಂಟ್ ಹಾಕೋದರ ಮಜಾನೇ ಬೇರೆ.

ಪ್ರಿಂಟ್: ಕಚ್ಚಾ ಹೊಲಿಗೆ

ನಮ್ಮ ಊರಲ್ಲಿ ಒಂದು ಹಳೇ ಸ್ಟುಡಿಯೋ ಇದೆ. ಈಗ ಅಲ್ಲಿ ಪಾಸ್‌ಪೋರ್ಟ್ ಫೋಟೋ, ಜೆರಾಕ್ಸ್ ಅಷ್ಟೇ. ಆದರೆ ಮಹಡಿ ಮೇಲೆ ಎನ್‌ಲಾರ್ಜರ್ ಇತ್ತು. ಸ್ಟುಡಿಯೋ ಅಂಕಲ್ ಹತ್ರ ಕೇಳಿದೆ. ‘ಏನಪ್ಪ, ಈ ಕಾಲದಲ್ಲಿ ಇದು ಯಾಕೆ?’ ಅಂತ ನಕ್ಕರು, ಆದರೆ ಧೂಳು ಒರೆಸಿ ಕೊಟ್ಟರು.

ಎನ್‌ಲಾರ್ಜರ್ ಅಂದರೆ ಕೆಳಗೆ ಮುಖ ಮಾಡಿರೋ ಪ್ರೊಜೆಕ್ಟರ್. ನೆಗೆಟಿವ್ ಮೂಲಕ ಬೆಳಕು ಹಾಯ್ದು ಕೆಳಗಿನ ಪೇಪರ್ ಮೇಲೆ ಬೀಳುತ್ತೆ. ಕಪ್ಪು ಇದ್ದ ಕಡೆ ಬೆಳಕು ಕಡಿಮೆ ಹೋಗೋದರಿಂದ ಪೇಪರಿನಲ್ಲಿ ಅದು ಬಿಳಿ ಆಗುತ್ತೆ. ಶುರುವಿಗೆ ಪ್ಲಾಸ್ಟಿಕ್ ಲೇಪನದ ಆರ್‌ಸಿ ಪೇಪರ್ ಸುಲಭ. ಮೂರು ಟ್ರೇ ಬೇಕು. ಪೇಪರ್ ಡೆವಲಪರಿನಲ್ಲಿ 1 ನಿಮಿಷ, ಸ್ಟಾಪ್ ಬಾತಿನಲ್ಲಿ 10 ಸೆಕೆಂಡ್, ಫಿಕ್ಸರಿನಲ್ಲಿ 30 ಸೆಕೆಂಡ್, ಆಮೇಲೆ ಹರಿಯೋ ನೀರಿನಲ್ಲಿ 2 ನಿಮಿಷ.

ಎಲ್ಲಕ್ಕಿಂತ ಮೊದಲು ಕೆಂಪು ಬಲ್ಬನ್ನೇ ಪರೀಕ್ಷೆ ಮಾಡಿ. ಪೇಪರಿನ ಒಂದು ತುಂಡಿನ ಮೇಲೆ ನಾಣ್ಯ ಇಟ್ಟು ಕೆಂಪು ಬೆಳಕಿನಲ್ಲಿ 5 ನಿಮಿಷ ಬಿಡಿ. ಆಮೇಲೆ ಡೆವಲಪ್ ಮಾಡಿ. ನಾಣ್ಯದ ಗುರುತು ಕಂಡರೆ ಆ ಬಲ್ಬ್ ನಂಬಬೇಡಿ.

ಪೇಪರಿಗೆ ಎಷ್ಟು ಸೆಕೆಂಡ್ ಬೆಳಕು ಕೊಡಬೇಕು? ನಾನು ಮೊದಲನೇ ಸಲ 10 ಸೆಕೆಂಡ್ ಅಂತ ಅಂದಾಜು ಮಾಡಿ ಪೂರ್ತಿ ಶೀಟ್ ಹಾಕಿದೆ. ಮಸಿ ಬಂತು. ಇನ್ನೊಂದು ಶೀಟಿಗೆ 3 ಸೆಕೆಂಡ್. ಮಂಜು ಬಂತು. ಪೇಪರ್ ಅಗ್ಗ ಅಲ್ಲ. ಅಂಕಲ್ ನನ್ನ ಕೈಯಿಂದ ಡಬ್ಬ ಕಿತ್ಕೊಂಡು ಹೇಳಿದರು: ‘ನಿಮ್ಮ ತಾತ ಕಚ್ಚಾ ಹಾಕದೆ ಯಾವತ್ತಾದ್ರೂ ಕೋಟು ಹೊಲಿದಿದ್ದಾರಾ?’

ಕಚ್ಚಾ ಅಂದರೆ ಪಕ್ಕಾ ಹೊಲಿಗೆಗೆ ಮುಂಚೆ ದೊಡ್ಡ ದೊಡ್ಡ ಎಳೆಯಲ್ಲಿ ಸುಮ್ಮನೆ ಹಿಡಿಸೋ ಹೊಲಿಗೆ. ಹಾಕಿ ನೋಡಿ ಸರಿ ಇಲ್ಲದಿದ್ರೆ ಬಿಚ್ಚಬಹುದು. ಡಾರ್ಕ್‌ರೂಮಿನ ಕಚ್ಚಾ ಅಂದರೆ ಟೆಸ್ಟ್ ಸ್ಟ್ರಿಪ್. ಪೇಪರಿನಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ. ಅದನ್ನು ಮುಖ್ಯವಾದ ಜಾಗದಲ್ಲಿ ಇಡಿ. ಪೂರ್ತಿ ಪಟ್ಟಿಗೆ 4 ಸೆಕೆಂಡ್ ಬೆಳಕು ಕೊಡಿ. ಐದರಲ್ಲಿ ಒಂದು ಭಾಗವನ್ನು ರಟ್ಟಿನಿಂದ ಮುಚ್ಚಿ ಮತ್ತೆ 4 ಸೆಕೆಂಡ್. ಇನ್ನೊಂದು ಭಾಗ ಮುಚ್ಚಿ ಮತ್ತೆ 4. ಹೀಗೆ ಮಾಡಿದರೆ ಒಂದೇ ಪಟ್ಟಿಯಲ್ಲಿ 4, 8, 12, 16, 20 ಸೆಕೆಂಡಿನ ಐದು ಮೆಟ್ಟಿಲು ಸಿಗುತ್ತೆ. ಡೆವಲಪರಿನಲ್ಲಿ ಪೂರ್ತಿ 1 ನಿಮಿಷ ಬಿಡಿ, ಕಪ್ಪಾಗ್ತಿದೆ ಅಂತ ಬೇಗ ತೆಗೀಬೇಡಿ. ಫಿಕ್ಸ್ ಆದಮೇಲೆ ಬಿಳಿ ಬೆಳಕಿಗೆ ತಂದು ನೋಡಿ. ಕೆಂಪು ಬೆಳಕಿನಲ್ಲಿ ನೋಡಿದರೆ ಪ್ರಿಂಟ್ ನಿಜಕ್ಕಿಂತ ಕಪ್ಪಾಗಿ ಕಾಣುತ್ತೆ.

ಅಂಕಲ್ ಹೇಳಿಕೊಟ್ಟ ಸೂತ್ರ ಇಷ್ಟೇ: ಬಿಳಿ ಭಾಗ ನೋಡಿ ಸಮಯ ತೀರ್ಮಾನ ಮಾಡು, ಕಪ್ಪು ಭಾಗ ನೋಡಿ ಫಿಲ್ಟರ್ ತೀರ್ಮಾನ ಮಾಡು. ಮಲ್ಟಿಗ್ರೇಡ್ ಪೇಪರಿಗೆ 00ರಿಂದ 5ರವರೆಗೆ ಫಿಲ್ಟರ್ ಇರ್ತವೆ. ನಂಬರ್ ಹೆಚ್ಚಾದಷ್ಟೂ ಕಪ್ಪು ಬಿಳುಪಿನ ನಡುವೆ ವ್ಯತ್ಯಾಸ ಹೆಚ್ಚು. 2ರಿಂದ ಶುರು ಮಾಡಿ.

ಎನ್‌ಲಾರ್ಜರ್ ಸಿಗದಿದ್ರೆ ಕಾಂಟ್ಯಾಕ್ಟ್ ಪ್ರಿಂಟ್ ಮಾಡಿ. ಪೇಪರ್ ಮೇಲೆ ನೆಗೆಟಿವ್ ಇಟ್ಟು ಮೇಲೊಂದು ಗಾಜು ಒತ್ತಿ, ಸಣ್ಣ ಬಲ್ಬನ್ನು ಸ್ವಲ್ಪ ಹೊತ್ತು ಹಾಕಿ ಆರಿಸಿದರೆ ಸಾಕು. ಫೋಟೋ ನೆಗೆಟಿವ್‌ನಷ್ಟೇ ಚಿಕ್ಕದಾಗಿರುತ್ತೆ. ಆದರೆ ಕಲಿಕೆ ಅದೇ, ಟೆಸ್ಟ್ ಸ್ಟ್ರಿಪ್ಪೂ ಅದೇ.

ತಾತನ ಟೇಪು

ಉಳಿದ 9ರಲ್ಲಿ ಒಂದು ಫ್ರೇಮಿನಲ್ಲಿ ತಾತ ಮಷಿನ್ ಮುಂದೆ ಕೂತಿದ್ದಾರೆ. 2ನೇ ಫಿಲ್ಟರ್, 12 ಸೆಕೆಂಡ್. ಮಷಿನ್ ಕಪ್ಪಗೆ ಹೊಳೀತಿತ್ತು, ಮುಖ ಚೆನ್ನಾಗಿ ಬಂದಿತ್ತು. ಖುಷಿಯಾಗಿ ಮನೆಗೆ ತಂದು ತೋರಿಸಿದೆ. ತಾತ ಕನ್ನಡಕ ಹಾಕ್ಕೊಂಡು ತುಂಬಾ ಹೊತ್ತು ನೋಡಿದರು. ಆಮೇಲೆ ಕೇಳಿದರು: ‘ಚೆನ್ನಾಗಿದೆ ಮಗಾ. ಆದ್ರೆ ನನ್ನ ಟೇಪು ಎಲ್ಲಿ?’

ನೋಡಿದರೆ ನಿಜ. ತಾತ ಬಿಳಿ ಅಂಗಿ ಹಾಕಿದ್ದರು. ಕಿಟಕಿ ಬೆಳಕು ಅದರ ಮೇಲೆ ಬಿದ್ದು ಪ್ರಿಂಟಿನಲ್ಲಿ ಅಂಗಿ ಬರೀ ಖಾಲಿ ಪೇಪರ್ ಥರ ಆಗಿತ್ತು. ಕುತ್ತಿಗೆಯಲ್ಲಿದ್ದ ಅಳತೆ ಟೇಪು ಅದರಲ್ಲಿ ಮುಳುಗಿಹೋಗಿತ್ತು. ಮುಖ ಚೆನ್ನಾಗಿ ಬಂತು ಅಂತ ನಾನು ಮುಖದ ಮೇಲಷ್ಟೇ ಟೆಸ್ಟ್ ಸ್ಟ್ರಿಪ್ ಹಾಕಿದ್ದೆ. ತಾತನಿಗೆ ಟೇಪು ಇಲ್ಲದೆ ತಾನು ಅಂಗಡಿಯಲ್ಲಿ ಕೂತಿರೋದೇ ಸುಳ್ಳು ಅನ್ನಿಸಿರಬೇಕು.

ಮಾರನೇ ವಾರ ಮತ್ತೆ ಮಹಡಿ ಹತ್ತಿದೆ. ನೆಗೆಟಿವನ್ನು ಲೆನ್ಸ್ ಇಟ್ಟು ನೋಡಿದಾಗ ಟೇಪಿನ ಗೆರೆಗಳು ಅಲ್ಲೇ ಇದ್ದವು. ಅಂದರೆ ಫಿಲ್ಮ್ ನೋಡಿತ್ತು, ನನ್ನ ಪ್ರಿಂಟ್ ತೋರಿಸಿರಲಿಲ್ಲ. ಇಂಥ ಸಮಯಕ್ಕೆ ಬರ್ನಿಂಗ್ ಅಂತ ಒಂದು ಉಪಾಯ ಇದೆ. ಪೂರ್ತಿ ಪೇಪರಿಗೆ 12 ಸೆಕೆಂಡ್ ಕೊಟ್ಟ ಮೇಲೆ, ತೂತು ಮಾಡಿದ ರಟ್ಟನ್ನು ಅಡ್ಡ ಹಿಡಿದು ಅಂಗಿಯ ಭಾಗಕ್ಕೆ ಮಾತ್ರ ಇನ್ನಷ್ಟು ಬೆಳಕು ಕೊಡೋದು. ರಟ್ಟನ್ನು ಮೆಲ್ಲಗೆ ಅಲ್ಲಾಡಿಸ್ತಾನೇ ಇರಬೇಕು, ಇಲ್ಲಾಂದ್ರೆ ತೂತಿನ ಅಂಚು ಪ್ರಿಂಟಿನಲ್ಲಿ ಮೂಡುತ್ತೆ. ಇದರ ಉಲ್ಟಾ ಡಾಜಿಂಗ್: ತುಂಬಾ ಕಪ್ಪಾಗೋ ಭಾಗಕ್ಕೆ ಸ್ವಲ್ಪ ಹೊತ್ತು ನೆರಳು ಹಿಡಿಯೋದು. ಫೋಟೋ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಇವೇ ಹೆಸರಿನ ಟೂಲ್‌ಗಳಿವೆ. ಅವು ಬಂದಿದ್ದು ಇಲ್ಲಿಂದಲೇ.

ಈ ಸಲ ಅಂಗಿಯ ಮೇಲೆ ಬೇರೆ ಟೆಸ್ಟ್ ಸ್ಟ್ರಿಪ್ ಹಾಕಿದೆ. 10 ಸೆಕೆಂಡ್ ಜಾಸ್ತಿ ಬೇಕು ಅಂತ ಗೊತ್ತಾಯ್ತು. ಡೆವಲಪರ್ ಟ್ರೇಯಲ್ಲಿ ಮೊದಲು ಮಷಿನ್ ಬಂತು, ಆಮೇಲೆ ಮುಖ, ಕೊನೆಗೆ ಅಂಗಿಯ ಮಡಿಕೆ, ಅದರ ಮೇಲೆ ಟೇಪು.

ಬಪ್ಪುಬಿಳುಪಿನಲ್ಲಿ ಕೆಲಸ ಮಾಡಿದವರು ನಮ್ಮ ರಾಜ್ಯದಲ್ಲೇ ಇದ್ದರು. ಸಂಡೂರಿನ ಎಂ.ವೈ. ಘೋರ್ಪಡೆ ಕರ್ನಾಟಕದ ಹಣಕಾಸು ಮಂತ್ರಿಯಾಗಿದ್ದವರು, ಕಪ್ಪುಬಿಳುಪು ವನ್ಯಜೀವಿ ಫೋಟೋಗಳಿಗೂ ಹೆಸರಾದವರು. ಬೆಂಗಳೂರಿನ ಟಿ.ಎನ್.ಎ. ಪೆರುಮಾಳ್ ವನ್ಯಜೀವಿ ಫೋಟೋಗ್ರಫಿಯಲ್ಲಿ ದೊಡ್ಡ ಹೆಸರು. ಇಂಥವರ ಫೋಟೋ ಸಿಕ್ಕಿದರೆ ಬಿಳಿ ಭಾಗದಲ್ಲಿ ಏನೇನು ಉಳಿಸಿದ್ದಾರೆ ಅಂತ ನೋಡಿ. ತಾತನ ಟೇಪಿನ ನಂತರ ನಾನು ಯಾವ ಫೋಟೋ ನೋಡಿದರೂ ಅದನ್ನೇ ಮೊದಲು ನೋಡ್ತೀನಿ.

ಕೊನೆಯದಾಗಿ ಕೆಲವು ಎಚ್ಚರಿಕೆ

ಗ್ಲೌಸ್ ಹಾಕಿ. ಮೆಟಾಲ್ ಕೆಲವರ ಚರ್ಮಕ್ಕೆ ಅಲರ್ಜಿ ಮಾಡುತ್ತೆ. ಗಾಳಿ ಆಡೋ ಹಾಗೆ ನೋಡಿಕೊಳ್ಳಿ. ಅಡುಗೆಮನೆ ಪಾತ್ರೆ, ಅಳತೆ ಲೋಟ ಬಳಸಲೇಬೇಡಿ. ದ್ರಾವಣಗಳನ್ನು ನೀರಿನ ಬಾಟಲಿ, ಜ್ಯೂಸ್ ಬಾಟಲಿಯಲ್ಲಿ ಇಡಬೇಡಿ, ಮನೆಯಲ್ಲಿ ಮಕ್ಕಳಿದ್ದರೆ ಬೀಗ ಹಾಕಿಡಿ. ಆಮ್ಲ ಬೆರೆಸುವಾಗ ಯಾವಾಗಲೂ ನೀರಿಗೆ ಆಮ್ಲ ಹಾಕಿ, ಆಮ್ಲಕ್ಕೆ ನೀರಲ್ಲ. ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತೆ, ಅದನ್ನು ಚರಂಡಿಗೆ ಸುರಿಯಬಾರದು. ಒಂದು ಕ್ಯಾನಿನಲ್ಲಿ ಕೂಡಿಸಿಡಿ. ಅದರಲ್ಲಿ ಸ್ಟೀಲ್ ಉಲ್ಲನ್ ಹಾಕಿಟ್ಟರೆ ಕಬ್ಬಿಣ ಕರಗಿ ಬೆಳ್ಳಿ ಹೊರಗೆ ಬೀಳುತ್ತೆ. ಡಿಸ್‌ಪ್ಲೇಸ್‌ಮೆಂಟ್ ರಿಯಾಕ್ಷನ್, ನೆನಪಿದೆಯಾ? ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನವರನ್ನು ಕೇಳಿ, ಅವರ ಜೊತೆ ಸೇರಿ ವಿಲೇವಾರಿ ಮಾಡಿ.

ಎರಡನೇ ಪ್ರಿಂಟನ್ನು ತಾತ ಗೋಡೆಗೆ ಹಾಕಿಸಲಿಲ್ಲ. ಮಷಿನ್ ಡ್ರಾಯರಿನಲ್ಲಿ, ಆ ಟೇಪಿನ ಜೊತೆ ಇಟ್ಟುಕೊಂಡಿದ್ದಾರೆ. ಯಾರಾದ್ರೂ ಮನೆಗೆ ಬಂದರೆ ಎರಡನ್ನೂ ತೆಗೆದು ತೋರಿಸ್ತಾರೆ.

ನೀವು ಶುರು ಮಾಡಬೇಕು ಅಂತಿದ್ರೆ ಕ್ಲಬ್ಬಿಗೆ ಬನ್ನಿ. ಚಕ್ರಕ್ಕೆ ಸುತ್ತಿ ಅಭ್ಯಾಸ ಮಾಡೋಕೆ ಹಾಳು ರೋಲ್ ಹುಡುಕಬೇಕಾಗಿಲ್ಲ. ಮಸಿಯಾದ ಆ 27 ಫ್ರೇಮಿನ ಪಟ್ಟಿಯನ್ನು ನಾನು ಕತ್ತರಿಸದೆ ಹಾಗೇ ಇಟ್ಟಿದ್ದೀನಿ. ಎಷ್ಟು ಸಲ ಬೇಕಾದ್ರೂ ಸಿಕ್ಕಿಸಿ, ಬಿಚ್ಚಿ.